ಮನುಷ್ಯನನ್ನೇ ಏಕೆ ಕಳಿಸಬೇಕು, ಹಣ ಎಲ್ಲಿಂದ ಬರಬೇಕು

ಚಂದ್ರನ ನೆಲದ ಮೇಲೆ ಮನುಷ್ಯ ಕೊನೆಯ ಬಾರಿ ನಡೆದಾಡಿದ್ದು 1972ರ ಡಿಸೆಂಬರ್‌ನಲ್ಲಿ. ಅದಾದ ಮೇಲೆ ಅಮೆರಿಕದ ಮೂವರು ಅಧ್ಯಕ್ಷರು, 1989ರಲ್ಲಿ, 2004ರಲ್ಲಿ ಮತ್ತು 2017ರಲ್ಲಿ, ಮತ್ತೆ ಚಂದ್ರನಿಗೂ ಅಲ್ಲಿಂದ ಮಂಗಳಕ್ಕೂ ಹೋಗುವುದಾಗಿ ಘೋಷಿಸಿದ್ದಾರೆ. ಮೊದಲನೆಯ ಯೋಜನೆ ಕಾಗದದ ಮೇಲೆಯೇ ಉಳಿಯಿತು. ಎರಡನೆಯದು ಆರು ವರ್ಷ ನಡೆದು, ಸಾವಿರಾರು ಎಂಜಿನಿಯರುಗಳ ದುಡಿಮೆಯನ್ನು ನುಂಗಿ, ರದ್ದಾಯಿತು. ಮೂರನೆಯದು ಆರ್ಟೆಮಿಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆಯಾದರೂ ಅದರ ಖರ್ಚಿನ ಲೆಕ್ಕ ಪ್ರತಿ ವರ್ಷವೂ ಹೊಸ ಜಗಳಕ್ಕೆ ಕಾರಣವಾಗುತ್ತಿದೆ. ಇವುಗಳಲ್ಲಿ ಯಾವುದೂ ಅಲ್ಲಿಗೆ ಹೋಗುವ ವಿದ್ಯೆ ಮನುಷ್ಯನಿಗೆ ತಿಳಿದಿರಲಿಲ್ಲವೆಂಬ ಕಾರಣಕ್ಕೆ ತಡವಾದದ್ದಲ್ಲ. ಎಲ್ಲಿಗೆ ಹೋಗಬೇಕು ಎಂಬುದನ್ನು ಒಬ್ಬರು ನಿರ್ಧರಿಸಿದರು, ಅದಕ್ಕೆ ಎಷ್ಟು ಹಣ ಕೊಡಬೇಕು ಎಂಬುದನ್ನು ಇನ್ನೊಬ್ಬರು ನಿರ್ಧರಿಸಿದರು, ಏಕೆ ಹೋಗಬೇಕು ಎಂಬ ಪ್ರಶ್ನೆಗೆ ಮಾತ್ರ ಇಬ್ಬರೂ ನೇರವಾಗಿ ಉತ್ತರಿಸಲಿಲ್ಲ.

ಆ ಪ್ರಶ್ನೆಗೆ ಒಮ್ಮೆ ಸ್ಪಷ್ಟ ಉತ್ತರವಿತ್ತು. ಸೋವಿಯತ್ ಒಕ್ಕೂಟದ ಯೂರಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದ ಆರು ವಾರಗಳಲ್ಲಿ, 1961ರ ಮೇ 25ರಂದು, ಅಧ್ಯಕ್ಷ ಜಾನ್ ಕೆನೆಡಿ ಆ ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲಿಳಿಸಿ ಸುರಕ್ಷಿತವಾಗಿ ಮರಳಿ ತರುವ ಗುರಿಯನ್ನು ಸಂಸತ್ತಿನ ಮುಂದಿಟ್ಟರು. ಮರುವರ್ಷದ ನವೆಂಬರ್‌ನಲ್ಲಿ ಶ್ವೇತಭವನದಲ್ಲಿ ನಡೆದ ಸಭೆಯೊಂದರ ಧ್ವನಿಮುದ್ರಣ ಉಳಿದುಬಂದಿದ್ದು, ಅದರಲ್ಲಿ ನಾಸಾದ ಮುಖ್ಯಸ್ಥ ಜೇಮ್ಸ್ ವೆಬ್ ವಿಜ್ಞಾನವೂ ಸೇರಿದಂತೆ ಬಾಹ್ಯಾಕಾಶದ ಎಲ್ಲ ಕ್ಷೇತ್ರಗಳಲ್ಲೂ ಮುಂದಿರಬೇಕೆಂದು ವಾದಿಸುತ್ತಾರೆ. ಕೆನೆಡಿ ಅದನ್ನು ಒಪ್ಪದೆ, ತಮಗೆ ಬಾಹ್ಯಾಕಾಶದಲ್ಲಿ ಅಂಥ ಆಸಕ್ತಿಯೇನೂ ಇಲ್ಲ, ರಷ್ಯನ್ನರಿಗಿಂತ ಮೊದಲು ಚಂದ್ರನನ್ನು ತಲುಪುವುದಷ್ಟೇ ಮುಖ್ಯ ಎಂಬರ್ಥದ ಮಾತನ್ನು ಮುಚ್ಚುಮರೆಯಿಲ್ಲದೆ ಆಡುತ್ತಾರೆ. ಅಪೊಲೊ ಯೋಜನೆಗೆ ಹಣ ಹರಿದುಬಂದದ್ದು ಈ ಸ್ಪಷ್ಟತೆಯಿಂದ. 1966ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಖರ್ಚು ಮಾಡಿದ ಪ್ರತಿ ನೂರು ಡಾಲರಿನಲ್ಲಿ ಸುಮಾರು ನಾಲ್ಕೂವರೆ ಡಾಲರ್ ನಾಸಾಕ್ಕೆ ಹೋಗುತ್ತಿತ್ತು. ಇಂದು ಆ ಪಾಲು ನಲವತ್ತು ಸೆಂಟುಗಳ ಆಸುಪಾಸಿನಲ್ಲಿದೆ. ಅಪೊಲೊ ಕಾಲದ ಸಾಧನೆಯನ್ನು ಮಾದರಿಯಾಗಿಟ್ಟುಕೊಂಡು ಮಾತನಾಡುವವರು ಈ ಅಂತರವನ್ನು ಮೊದಲು ನೋಡಬೇಕು. ಬಜೆಟ್‌ನಲ್ಲಿ ಹಿಂದಿನದರ ಹತ್ತರಲ್ಲೊಂದು ಪಾಲು ಕೊಟ್ಟು ಅದೇ ವೇಗವನ್ನು ನಿರೀಕ್ಷಿಸುವುದು ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ತಿಳಿವಳಿಕೆಯನ್ನೇ ಮರೆತಂತೆ.

ಅಂದಿನ ವೆಚ್ಚವೂ ಪ್ರಶ್ನೆಯಿಲ್ಲದೆ ಸಾಗಿರಲಿಲ್ಲ. 1969ರ ಜುಲೈ 15ರಂದು, ಅಪೊಲೊ 11 ಹಾರುವ ಹಿಂದಿನ ದಿನ, ಮಾರ್ಟಿನ್ ಲೂಥರ್ ಕಿಂಗ್ ಅವರ ನಂತರ ನಾಗರಿಕ ಹಕ್ಕುಗಳ ಚಳವಳಿಯನ್ನು ಮುನ್ನಡೆಸುತ್ತಿದ್ದ ಪಾದ್ರಿ ರಾಲ್ಫ್ ಅಬರ್ನಥಿ ಅವರು ಬಡ ಕಪ್ಪು ಕುಟುಂಬಗಳನ್ನು ಜೊತೆಗೆ ಕರೆದುಕೊಂಡು, ಹೇಸರಗತ್ತೆ ಕಟ್ಟಿದ ಗಾಡಿಗಳೊಂದಿಗೆ ಫ್ಲಾರಿಡಾದ ಉಡಾವಣಾ ಕೇಂದ್ರದ ಬಾಗಿಲಿಗೆ ಬಂದರು. ಹಸಿದವರಿಗೆ ಊಟ, ಬೆತ್ತಲಿದ್ದವರಿಗೆ ಬಟ್ಟೆ, ನೆಲೆಯಿಲ್ಲದವರಿಗೆ ಮನೆ ಕೊಡಬಹುದಾದ ಹಣ ಆಕಾಶಕ್ಕೆ ಹೋಗುತ್ತಿದೆ ಎಂಬುದು ಅವರ ಆಕ್ಷೇಪವಾಗಿತ್ತು. ಆಗ ನಾಸಾದ ಆಡಳಿತಾಧಿಕಾರಿಯಾಗಿದ್ದ ಥಾಮಸ್ ಪೇನ್ ತುಂತುರು ಮಳೆಯಲ್ಲಿಯೇ ಹೊರಗೆ ಬಂದು ಅವರನ್ನು ಭೇಟಿಯಾದರು. ನಾಳೆ ಉಡಾವಣೆಯ ಗುಂಡಿ ಒತ್ತದೇ ಇದ್ದರೆ ಬಡತನ ನೀಗುವುದಾದರೆ ತಾವು ಅದನ್ನು ಒತ್ತುವುದಿಲ್ಲ ಎಂದೂ, ಬಡತನದ ಸಮಸ್ಯೆಯ ಮುಂದೆ ಚಂದ್ರಯಾನದ ತಾಂತ್ರಿಕ ಸಮಸ್ಯೆಗಳು ಮಕ್ಕಳಾಟ ಎಂದೂ ಅವರು ಹೇಳಿದರು. ಬಂದವರಲ್ಲಿ ಕೆಲವು ಕುಟುಂಬಗಳಿಗೆ ಮರುದಿನದ ಉಡಾವಣೆ ನೋಡಲು ಆಹ್ವಾನವನ್ನೂ ಕೊಟ್ಟರು. ಅಬರ್ನಥಿ ಗಗನಯಾತ್ರಿಗಳ ಕ್ಷೇಮಕ್ಕಾಗಿ ಪ್ರಾರ್ಥಿಸಿದರು. ಆ ಸಂಜೆ ಎರಡೂ ಕಡೆಯವರು ಪರಸ್ಪರ ತೋರಿಸಿದ ಗೌರವ ಈ ವಿಷಯದ ಇಂದಿನ ಚರ್ಚೆಗಳಲ್ಲಿ ಅಪರೂಪ. ಪೇನ್ ಅವರ ಮಾತಿನಲ್ಲಿ ಸತ್ಯವಿತ್ತು: ನಾಸಾದ ಹಣವನ್ನು ಕಡಿದರೆ ಅದು ತಾನಾಗಿ ಬಡವರ ಮನೆಗೆ ಹರಿಯುವುದಿಲ್ಲ, ಹಾಗೆ ಹರಿಯಲೂ ಇಲ್ಲ. ಅಬರ್ನಥಿ ಅವರ ಮಾತಿನಲ್ಲಿಯೂ ಸತ್ಯವಿತ್ತು: ಸಾರ್ವಜನಿಕ ಹಣದಿಂದ ನಡೆಯುವ ಕೆಲಸ, ಅದು ಎಷ್ಟೇ ಭವ್ಯವಾಗಿದ್ದರೂ, ಸಾರ್ವಜನಿಕರಲ್ಲಿ ಅತ್ಯಂತ ಬಡವನಿಗೂ ಉತ್ತರ ಕೊಡುವಂತಿರಬೇಕು.

ರಷ್ಯನ್ನರನ್ನು ಸೋಲಿಸಿದ ಮೇಲೆ ಹಿಂದಿನ ಕಾರಣವೂ ತೀರಿಹೋಯಿತು. 1969ರಲ್ಲಿ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ನೇತೃತ್ವದ ತಂಡ ಚಂದ್ರನ ಮೇಲೆ ನೆಲೆ, ಭೂಕಕ್ಷೆಯಲ್ಲಿ ನಿಲ್ದಾಣ, ಎಂಬತ್ತರ ದಶಕದಲ್ಲಿ ಮಂಗಳಯಾತ್ರೆ ಎಂದೆಲ್ಲ ಯೋಜನೆ ಮುಂದಿಟ್ಟಾಗ ಅಧ್ಯಕ್ಷ ನಿಕ್ಸನ್ ಅದರಲ್ಲಿ ಒಂದನ್ನಷ್ಟೇ ಆರಿಸಿಕೊಂಡು, 1972ರ ಜನವರಿಯಲ್ಲಿ ಮತ್ತೆ ಮತ್ತೆ ಬಳಸಬಹುದಾದ ಸ್ಪೇಸ್ ಷಟಲ್‌ಗೆ ಒಪ್ಪಿಗೆ ಕೊಟ್ಟರು. ನಿಲ್ದಾಣಕ್ಕೆ ಹೋಗಿಬರುವ ವಾಹನ ಎಂದು ಕಲ್ಪಿಸಿದ್ದ ಷಟಲ್‌ಗೆ ಹೋಗಲು ನಿಲ್ದಾಣವೇ ಇಲ್ಲದಂತಾಯಿತು. ಅಗ್ಗವಾಗಿ, ವಾರ ವಾರವೂ ಹಾರುತ್ತದೆಂದು ಭರವಸೆ ಕೊಟ್ಟಿದ್ದ ಈ ವಾಹನ 1981ರಿಂದ 2011ರವರೆಗಿನ ಮೂವತ್ತು ವರ್ಷಗಳಲ್ಲಿ ಹಾರಿದ್ದು 135 ಬಾರಿ. 1986ರಲ್ಲಿ ಚಾಲೆಂಜರ್, 2003ರಲ್ಲಿ ಕೊಲಂಬಿಯಾ ನಾಶವಾಗಿ ಹದಿನಾಲ್ಕು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಒಬ್ಬರು. ಕೊಲಂಬಿಯಾ ಅಪಘಾತದ ತನಿಖಾ ಮಂಡಳಿ ಹೊರಗಿನ ಇಂಧನ ತೊಟ್ಟಿಯಿಂದ ಕಳಚಿ ರೆಕ್ಕೆಗೆ ಬಡಿದ ನೊರೆಯ ತುಂಡನ್ನು ಗುರುತಿಸಿದ್ದಷ್ಟೇ ಅಲ್ಲದೆ, ಮಾನವ ಯಾನಕ್ಕೆ ಒಂದು ರಾಷ್ಟ್ರೀಯ ಉದ್ದೇಶವೇ ಮೂರು ದಶಕಗಳಿಂದ ಇಲ್ಲದಿರುವುದನ್ನೂ, ಕೊರತೆಯ ಹಣದಲ್ಲಿ ಹೆಚ್ಚು ಕೆಲಸ ತೆಗೆಯುವ ಒತ್ತಡವನ್ನೂ ದುರಂತದ ಹಿನ್ನೆಲೆಯಾಗಿ ಎತ್ತಿಹೇಳಿತು. ಹಣಕ್ಕೂ ಗುರಿಗೂ ನಡುವೆ ಇರುವ ಬಿರುಕು ಬರಿಯ ಲೆಕ್ಕಪತ್ರದ ವಿಷಯವಲ್ಲ, ಮನುಷ್ಯರ ಜೀವದ ವಿಷಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

1989ರಲ್ಲಿ ಹಿರಿಯ ಬುಷ್ ಅವರು ಘೋಷಿಸಿದ ಚಂದ್ರ-ಮಂಗಳ ಯೋಜನೆಗೆ ಎರಡು ಮೂರು ದಶಕಗಳಲ್ಲಿ ಸುಮಾರು 50,000 ಕೋಟಿ ಡಾಲರ್ ಬೇಕಾದೀತೆಂಬ ಅಂದಾಜು ಹೊರಬಿದ್ದದ್ದೇ ತಡ, ಸಂಸತ್ತು ಅದರತ್ತ ತಿರುಗಿ ನೋಡಲಿಲ್ಲ. ಮುಂದೆ ಮತ್ತೆ ಕೈಗೆತ್ತಿಕೊಂಡಿದ್ದ ಭೂಕಕ್ಷೆಯ ನಿಲ್ದಾಣದ ಯೋಜನೆಯೂ ಕೂದಲೆಳೆಯ ಅಂತರದಲ್ಲಿ ಉಳಿಯಿತು: 1993ರ ಜೂನ್‌ನಲ್ಲಿ ಜನಪ್ರತಿನಿಧಿಗಳ ಸಭೆಯಲ್ಲಿ ಅದನ್ನು ಕೈಬಿಡುವ ಪ್ರಸ್ತಾವ 216ಕ್ಕೆ 215ರಂತೆ, ಒಂದೇ ಮತದಿಂದ ಬಿದ್ದುಹೋಯಿತು. ಭೂಮಿಯಿಂದ 400 ಕಿಲೋಮೀಟರ್ ಎತ್ತರದಲ್ಲಿ, ಸುಮಾರು 420 ಟನ್ ತೂಕದ, 2000ದ ನವೆಂಬರ್‌ನಿಂದ ಒಂದು ದಿನವೂ ಖಾಲಿಯಾಗದೆ ಮನುಷ್ಯರು ವಾಸಿಸುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಆ ಒಂದು ಮತದ ಫಲ.

ಹಣ ಮತ್ತು ಗುರಿಯ ಸಂಬಂಧವನ್ನು ಎಲ್ಲರಿಗಿಂತ ನೇರವಾಗಿ ಹೇಳಿದ್ದು 2009ರಲ್ಲಿ ನಾರ್ಮನ್ ಆಗಸ್ಟೀನ್ ಅವರ ಅಧ್ಯಕ್ಷತೆಯ ಸಮಿತಿ. ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಹಿಂದಿನ ಮುಖ್ಯಸ್ಥರಾದ ಆಗಸ್ಟೀನ್ ಅವರ ಜೊತೆಗೆ ಅಮೆರಿಕದ ಮೊದಲ ಮಹಿಳಾ ಗಗನಯಾತ್ರಿ ಸ್ಯಾಲಿ ರೈಡ್ ಮೊದಲಾದವರಿದ್ದ ಈ ಸಮಿತಿಯ ಮುಂದಿದ್ದುದು ಕಿರಿಯ ಬುಷ್ ಅವರು 2004ರಲ್ಲಿ ಆರಂಭಿಸಿದ, ಕಾನ್‌ಸ್ಟಲೇಷನ್ ಎಂದು ಹೆಸರಾದ ಕಾರ್ಯಕ್ರಮ. ಅದರ ರಾಕೆಟ್‌ಗಳ ವಿನ್ಯಾಸದಲ್ಲಿ ಸರಿಪಡಿಸಲಾಗದ ದೋಷವಿದೆಯೆಂದು ಸಮಿತಿ ಹೇಳಲಿಲ್ಲ. ಇರುವ ಬಜೆಟ್‌ನಲ್ಲಿ ಅದು ಎಂದಿಗೂ ಚಂದ್ರನನ್ನು ಮುಟ್ಟಲಾರದು, ಅರ್ಥಪೂರ್ಣವಾದ ಯಾವುದೇ ಮಾನವ ಯಾನಕ್ಕೆ ವರ್ಷಕ್ಕೆ ಇನ್ನೂ ಸುಮಾರು 300 ಕೋಟಿ ಡಾಲರ್ ಬೇಕು ಎಂಬುದು ಅದರ ತೀರ್ಮಾನವಾಗಿತ್ತು. ಮುಂದಿನ ದಾರಿಗೆ ಅದು ಆಯ್ಕೆಗಳನ್ನು ಕೊಟ್ಟಿತು: ಮೊದಲು ಚಂದ್ರನಿಗೆ ಹೋಗಿ ಅಲ್ಲಿ ಬದುಕುವುದನ್ನು ಕಲಿಯುವುದು, ಅಥವಾ ಆಳವಾದ ಗುರುತ್ವದ ಬಾವಿಗಳಿಗೆ ಇಳಿಯದೆ ಕ್ಷುದ್ರಗ್ರಹಗಳನ್ನೂ ಮಂಗಳದ ಉಪಗ್ರಹಗಳನ್ನೂ ಸಂದರ್ಶಿಸುತ್ತ ಹಂತಹಂತವಾಗಿ ಮುಂದೆ ಹೋಗುವುದು. ಗುರುತ್ವದ ಬಾವಿ ಎಂದರೆ ಆಕಾಶಕಾಯವೊಂದರ ಸೆಳೆತದೊಳಗೆ ಇಳಿದ ಮೇಲೆ ಮರಳಿ ಹೊರಬರಲು ಅಪಾರ ಇಂಧನ ಬೇಕಾಗುವ ಸ್ಥಿತಿ. ಇಳಿಯದೇ ಇದ್ದರೆ ಇಳಿದೇರುವ ವಾಹನದ ಖರ್ಚು ಉಳಿಯುತ್ತದೆ. ಮಂಗಳವೇ ಅಂತಿಮ ಗುರಿಯಾದರೂ ಮೊದಲ ಗುರಿಯಾಗಲು ಅದು ತಕ್ಕುದಲ್ಲ ಎಂದು ಸಮಿತಿ ಸ್ಪಷ್ಟಪಡಿಸಿತು.

ಮುಂದೆ ನಡೆದದ್ದು ಈ ಇಡೀ ಇತಿಹಾಸದಲ್ಲಿ ಹೆಚ್ಚು ಬೇಸರ ತರುವ ಅಧ್ಯಾಯ. 2010ರ ಫೆಬ್ರವರಿಯಲ್ಲಿ ಅಧ್ಯಕ್ಷ ಒಬಾಮಾ ಕಾನ್‌ಸ್ಟಲೇಷನ್ ಅನ್ನು ನಿಲ್ಲಿಸುವ ಪ್ರಸ್ತಾವ ಮುಂದಿಟ್ಟರು; ಅದೇ ವರ್ಷದ ಅಕ್ಟೋಬರ್‌ನ ಕಾನೂನಿನ ಮೂಲಕ ಸಂಸತ್ತು ಷಟಲ್‌ನ ಎಂಜಿನ್, ಇಂಧನ ತೊಟ್ಟಿ ಮತ್ತು ಘನ ಇಂಧನದ ರಾಕೆಟ್‌ಗಳ ತಂತ್ರಜ್ಞಾನವನ್ನೇ ಆಧರಿಸಿ ಸ್ಪೇಸ್ ಲಾಂಚ್ ಸಿಸ್ಟಮ್, ಚಿಕ್ಕದಾಗಿ ಎಸ್‌ಎಲ್‌ಎಸ್, ಎಂಬ ಹೊಸ ಬೃಹತ್ ರಾಕೆಟ್ ಕಟ್ಟಬೇಕೆಂದು ವಿಧಿಸಿತು. ಆ ತಂತ್ರಜ್ಞಾನದ ಕೆಲಸ ನಡೆಯುವುದು ಅಲಬಾಮಾ, ಲೂಯಿಸಿಯಾನಾ, ಮಿಸಿಸಿಪ್ಪಿ, ಯೂಟಾ ರಾಜ್ಯಗಳಲ್ಲಿ. ಆ ರಾಜ್ಯಗಳ ಪ್ರತಿನಿಧಿಗಳಿಗೆ ಉದ್ಯೋಗ ಉಳಿಯುವುದು ಮುಖ್ಯವಾಗಿತ್ತು. ಷಟಲ್‌ಗೆ ಅಳವಡಿಸಿ, ಆಕಾಶಕ್ಕೆ ಹೋಗಿ, ಭೂಮಿಗೆ ಮರಳಿ, ಬಿಚ್ಚಿ ಪರೀಕ್ಷಿಸಿ ಮತ್ತೆ ಬಳಸಿದ್ದ ಅವೇ ಎಂಜಿನ್‌ಗಳಲ್ಲಿ ನಾಲ್ಕನ್ನು 2022ರ ನವೆಂಬರ್‌ನ ಆರ್ಟೆಮಿಸ್ 1ರ ಉಡಾವಣೆಯಲ್ಲಿ ಒಮ್ಮೆ ಉರಿಸಿ ಸಮುದ್ರಕ್ಕೆ ಬಿಡಲಾಯಿತು. ಮೊದಲ ನಾಲ್ಕು ಆರ್ಟೆಮಿಸ್ ಯಾನಗಳಲ್ಲಿ ಒಂದೊಂದು ಉಡಾವಣೆಗೂ ರಾಕೆಟ್, ಓರಿಯನ್ ನೌಕೆ ಮತ್ತು ನೆಲದ ವ್ಯವಸ್ಥೆಗಳೆಲ್ಲ ಸೇರಿ 410 ಕೋಟಿ ಡಾಲರ್ ತಗಲುತ್ತದೆಂದೂ, ಇದು ಬಹುಕಾಲ ನಡೆಸಲಾಗದ ವೆಚ್ಚವೆಂದೂ ನಾಸಾದ ಮಹಾ ತಪಾಸಕರು 2022ರಲ್ಲಿ ಸಂಸತ್ತಿನ ಮುಂದೆ ಹೇಳಿದರು.

ಹಣ ಕೊಡುವ ರೀತಿಯೂ ಇಲ್ಲಿ ಮುಖ್ಯವಾಗುತ್ತದೆ. ಎಸ್‌ಎಲ್‌ಎಸ್‌ನಂಥ ಕೆಲಸಗಳಿಗೆ ಬಳಸಿದ್ದು ತಗಲಿದ ಖರ್ಚನ್ನು ಪೂರ್ತಿ ಭರಿಸಿ ಮೇಲೊಂದಿಷ್ಟು ಲಾಭ ಕೊಡುವ ಗುತ್ತಿಗೆ. ಇದರಲ್ಲಿ ಕೆಲಸ ತಡವಾದಷ್ಟೂ ಗುತ್ತಿಗೆದಾರನಿಗೆ ನಷ್ಟವಿಲ್ಲ, ಸರ್ಕಾರಕ್ಕೇ ನಷ್ಟ. ಇದಕ್ಕೆ ಬದಲಾಗಿ, ಬೆಲೆಯನ್ನು ಮೊದಲೇ ಗೊತ್ತುಮಾಡಿ, ಹೆಚ್ಚಾದ ಖರ್ಚನ್ನು ಕಂಪನಿಯೇ ಹೊರುವಂತೆ ಮಾಡುವ ನಿಗದಿತ ಬೆಲೆಯ ಗುತ್ತಿಗೆಯನ್ನು ನಿಲ್ದಾಣಕ್ಕೆ ಗಗನಯಾತ್ರಿಗಳನ್ನು ಒಯ್ಯುವ ಸೇವೆಗೆ ಅನ್ವಯಿಸಲಾಯಿತು. 2014ರಲ್ಲಿ ಬೋಯಿಂಗ್‌ಗೆ 420 ಕೋಟಿ, ಸ್ಪೇಸ್‌ಎಕ್ಸ್‌ಗೆ 260 ಕೋಟಿ ಡಾಲರಿನ ಗುತ್ತಿಗೆ ಸಿಕ್ಕಿತು. ಕಡಿಮೆ ಹಣ ಪಡೆದ ಸ್ಪೇಸ್‌ಎಕ್ಸ್ 2020ರ ಮೇ ತಿಂಗಳಲ್ಲಿ ಗಗನಯಾತ್ರಿಗಳನ್ನು ನಿಲ್ದಾಣಕ್ಕೆ ಒಯ್ದಿತು. ಬೋಯಿಂಗ್‌ನ ಸ್ಟಾರ್‌ಲೈನರ್ 2024ರ ಜೂನ್‌ನಲ್ಲಿ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರನ್ನು ಕರೆದೊಯ್ದು, ದೋಷ ಕಂಡುಬಂದು ಖಾಲಿಯಾಗಿ ಮರಳಿತು, ಅವರಿಬ್ಬರು ಒಂಬತ್ತು ತಿಂಗಳ ನಂತರ 2025ರ ಮಾರ್ಚ್‌ನಲ್ಲಿ ಸ್ಪೇಸ್‌ಎಕ್ಸ್ ನೌಕೆಯಲ್ಲಿ ಹಿಂತಿರುಗಿದರು. ಖಾಸಗಿಯವರಿಗೆ ಒಪ್ಪಿಸಿದರೆ ಎಲ್ಲವೂ ಸಲೀಸು ಎಂಬ ಮಾತಿಗೂ ಅದು ಸರ್ಕಾರದ ಕೆಲಸವೇ ಎಂಬ ಹಟಕ್ಕೂ ಈ ಒಂದೇ ಪ್ರಕರಣ ಉತ್ತರವಾಗಬಲ್ಲುದು. ಎರಡು ಕಂಪನಿಗಳಿಗೆ ಕೊಟ್ಟದ್ದರಿಂದ ಒಂದು ಸೋತರೂ ಇನ್ನೊಂದು ಉಳಿಯಿತು. ಆದರೆ ಇಂದು ಆ ಇನ್ನೊಂದರ ಮೇಲೆಯೇ ನಿಲ್ದಾಣದ ಸಂಚಾರವೂ, ಚಂದ್ರನ ಮೇಲಿಳಿಯುವ ಮೊದಲ ವಾಹನದ ತಯಾರಿಯೂ ಬಹುಮಟ್ಟಿಗೆ ನಿಂತಿರುವುದು ಅಷ್ಟೇ ಆತಂಕದ ಸಂಗತಿ.

ಇಷ್ಟೆಲ್ಲ ಖರ್ಚಿನ ಎದುರಿಗೆ, ಮನುಷ್ಯನೇ ಏಕೆ ಹೋಗಬೇಕು, ಯಂತ್ರ ಸಾಲದೆ ಎಂಬ ಪ್ರಶ್ನೆ ಏಳುತ್ತದೆ. ಭೂಮಿಯನ್ನು ಸುತ್ತುವರಿದ ವಿಕಿರಣ ಪಟ್ಟಿಗಳನ್ನು ಕಂಡುಹಿಡಿದ ಜೇಮ್ಸ್ ವ್ಯಾನ್ ಅಲೆನ್ ತಮ್ಮ ಜೀವನದ ಕೊನೆಯವರೆಗೂ ಮಾನವ ಯಾನಕ್ಕೆ ವೈಜ್ಞಾನಿಕ ಸಮರ್ಥನೆಯಿಲ್ಲವೆಂದು ವಾದಿಸಿದರು. ಬ್ರಿಟನ್ನಿನ ಖಗೋಳವಿಜ್ಞಾನಿ ಮಾರ್ಟಿನ್ ರೀಸ್ ಸಾರ್ವಜನಿಕ ಹಣವನ್ನು ರೋಬಾಟ್‌ಗಳಿಗೆ ಮೀಸಲಿಟ್ಟು, ಅಪಾಯದ ಯಾತ್ರೆಗಳನ್ನು ಸ್ವಂತ ಹಣ ಹಾಕುವ ಸಾಹಸಿಗಳಿಗೆ ಬಿಡಬೇಕೆನ್ನುತ್ತಾರೆ. ಅವರ ವಾದ ಹಗುರವಾದದ್ದಲ್ಲ. ಸೌರವ್ಯೂಹದ ಬಗ್ಗೆ ಇಂದು ತಿಳಿದಿರುವುದರಲ್ಲಿ ಚಂದ್ರನನ್ನು ಬಿಟ್ಟರೆ ಉಳಿದುದರ ಬಹುಪಾಲು ಮನುಷ್ಯರಿಲ್ಲದ ನೌಕೆಗಳಿಂದ ಮತ್ತು ದೂರದರ್ಶಕಗಳಿಂದ ಬಂದದ್ದು. ಮಂಗಳದ ಮೇಲಿರುವ ಪರ್ಸಿವರೆನ್ಸ್‌ನಂಥ ಗಾಡಿಗೆ ತಗಲಿದ ಸುಮಾರು 270 ಕೋಟಿ ಡಾಲರ್ ಒಂದು ಆರ್ಟೆಮಿಸ್ ಉಡಾವಣೆಯ ಖರ್ಚಿಗಿಂತ ಕಡಿಮೆ.

ಆದರೂ ಮತ್ತೊಂದು ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಬೇಕು. ಆಪರ್ಚುನಿಟಿ ಎಂಬ ರೋಬಾಟ್ ಗಾಡಿ ಮಂಗಳದ ಮೇಲೆ 2004ರಿಂದ 2018ರವರೆಗೆ ಹದಿನಾಲ್ಕು ವರ್ಷಗಳಲ್ಲಿ ಸಾಗಿದ್ದು ಸುಮಾರು 45 ಕಿಲೋಮೀಟರ್. ಅಪೊಲೊ 17ರ ಇಬ್ಬರು ತಮ್ಮ ಗಾಡಿಯಲ್ಲಿ ಮೂರು ದಿನಗಳಲ್ಲಿ ಸಾಗಿದ್ದು ಸುಮಾರು 35 ಕಿಲೋಮೀಟರ್. ಆ ಇಬ್ಬರಲ್ಲಿ ಹ್ಯಾರಿಸನ್ ಶ್ಮಿಟ್ ಚಂದ್ರನ ಮೇಲೆ ಕಾಲಿಟ್ಟ ಹನ್ನೆರಡು ಜನರಲ್ಲಿ ಒಬ್ಬರೇ ವೃತ್ತಿನಿರತ ಭೂವಿಜ್ಞಾನಿ. ಶಾರ್ಟಿ ಎಂಬ ಕುಳಿಯ ಅಂಚಿನಲ್ಲಿ ನಡೆಯುವಾಗ ತಮ್ಮ ಬೂಟು ಕೆದಕಿದ ಬೂದು ಮಣ್ಣಿನ ಕೆಳಗೆ ಕಿತ್ತಳೆ ಬಣ್ಣ ಇಣುಕಿದ್ದನ್ನು ಅವರು ಕಂಡರು. ಸಮಯ ಮೀರುತ್ತಿದ್ದರೂ ಅಲ್ಲೇ ನಿಂತು ಕಂದಕ ತೋಡಿ, ಕೊಳವೆಯೊಂದನ್ನು ನೆಲಕ್ಕೆ ಹೊಡೆದು ಪದರಪದರವಾಗಿ ಮಾದರಿ ತೆಗೆದರು. ಆ ಕಿತ್ತಳೆ ಮಣ್ಣು ಮುನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಜ್ವಾಲಾಮುಖಿಯಿಂದ ಚಿಮ್ಮಿದ ಸೂಕ್ಷ್ಮ ಗಾಜಿನ ಮಣಿಗಳೆಂದು ತಿಳಿಯಿತು. ಮೂರೂವರೆ ದಶಕಗಳ ನಂತರ ಅಂಥ ಮಣಿಗಳಲ್ಲೇ ಚಂದ್ರನ ಒಡಲಲ್ಲಿ ನೀರಿನ ಅಂಶವಿತ್ತೆಂಬುದಕ್ಕೆ ಪುರಾವೆ ಸಿಕ್ಕಿತು. ಕಣ್ಣು, ಕೈ, ತರಬೇತಿ ಪಡೆದ ಬುದ್ಧಿ ಮೂರೂ ಒಂದೇ ಜಾಗದಲ್ಲಿದ್ದರೆ ಏನಾಗಬಲ್ಲದೆಂಬುದಕ್ಕೆ ಇದು ನಿದರ್ಶನ. ಹಾಗೆಂದು ಇದನ್ನು ಇಡೀ ಮಾನವ ಯಾನದ ಸಮರ್ಥನೆಯಾಗಿಸುವುದು ಸರಿಯಲ್ಲ, ಏಕೆಂದರೆ ಅಪೊಲೊಗೆ ಕೊಟ್ಟಷ್ಟು ಹಣವನ್ನು ರೋಬಾಟ್‌ಗಳಿಗೆ ಯಾವ ದೇಶವೂ ಎಂದೂ ಕೊಟ್ಟಿಲ್ಲ. ವಿಜ್ಞಾನ ಮಾನವ ಯಾನದಿಂದ ದೊರೆಯುವ ಲಾಭಗಳಲ್ಲೊಂದು. ಅದು ಮಾನವ ಯಾನಕ್ಕೆ ಕಾರಣವಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2014ರ ತನ್ನ ವಿಸ್ತೃತ ವರದಿಯಲ್ಲಿ ಇದನ್ನೇ ಬೇರೆ ರೀತಿಯಲ್ಲಿ ಹೇಳಿತು: ಆರ್ಥಿಕ ಲಾಭ, ರಕ್ಷಣೆ, ದೇಶದ ಘನತೆ, ಕಲಿಕೆಗೆ ಪ್ರೇರಣೆ, ಮನುಷ್ಯಕುಲದ ದೀರ್ಘಕಾಲದ ಉಳಿವು, ಅನ್ವೇಷಣೆಯ ಹಂಬಲ, ಇವುಗಳಲ್ಲಿ ಯಾವುದೊಂದೂ ತಾನೊಂದೇ ಈ ವೆಚ್ಚವನ್ನು ಸಮರ್ಥಿಸಲಾರದು, ಎಲ್ಲವೂ ಸೇರಿದರೆ ಸಮರ್ಥಿಸಬಹುದು.

ಮಂಗಳದ ಕನಸಿಗೆ ಹಣವೊಂದೇ ಅಡ್ಡಿಯಲ್ಲ. ಭೂಮಿ ಮತ್ತು ಮಂಗಳಗಳ ಸ್ಥಾನ ಹೊಂದಿಕೊಳ್ಳುವುದು ಇಪ್ಪತ್ತಾರು ತಿಂಗಳಿಗೊಮ್ಮೆ. ಹೋಗಲು ಆರರಿಂದ ಒಂಬತ್ತು ತಿಂಗಳು ಬೇಕು. ಅಲ್ಲಿಗೆ ಹೋದ ಕ್ಯೂರಿಯಾಸಿಟಿ ಎಂಬ ರೋಬಾಟ್ ಗಾಡಿ ತನ್ನ ಪ್ರಯಾಣದುದ್ದಕ್ಕೂ ಅಳೆದ ವಿಕಿರಣದ ಲೆಕ್ಕದಂತೆ, ಹೋಗಿಬರುವ ಹಾದಿಯಲ್ಲೇ ಗಗನಯಾತ್ರಿಯೊಬ್ಬರು ಸುಮಾರು 660 ಮಿಲಿಸೀವರ್ಟ್ ವಿಕಿರಣಕ್ಕೆ ಒಡ್ಡಿಕೊಳ್ಳಬೇಕಾಗುತ್ತದೆ. ಒಬ್ಬರ ಇಡೀ ವೃತ್ತಿಜೀವನಕ್ಕೆ ನಾಸಾ ಇಂದು ಹಾಕಿಕೊಂಡಿರುವ ಮಿತಿ 600. ಮಿಲಿಸೀವರ್ಟ್ ಎಂಬುದು ವಿಕಿರಣ ದೇಹಕ್ಕೆ ಮಾಡುವ ಹಾನಿಯ ಅಳತೆ. ತೂಕವಿಲ್ಲದ ಸ್ಥಿತಿಯಲ್ಲಿ ದೇಹದ ಭಾರ ಹೊರುವ ಮೂಳೆಗಳು ತಿಂಗಳಿಗೆ ಶೇಕಡಾ 1ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ಇವಕ್ಕೆ ಉತ್ತರ ಹುಡುಕುವುದು ಭೂಕಕ್ಷೆಯ ನಿಲ್ದಾಣದಲ್ಲಿ ಮತ್ತು ಚಂದ್ರನ ಮೇಲೆ ಸಾಧ್ಯ. ಹಾಗಾಗಿ ಚಂದ್ರನೋ ಮಂಗಳವೋ ಎಂಬ ಜಗಳದಲ್ಲಿ ಮೊದಲು ಚಂದ್ರ ಎನ್ನುವವರ ಪಕ್ಷವೇ ಗಟ್ಟಿಯಾದದ್ದು. ಆದರೆ ನಿಲ್ದಾಣವನ್ನು 2030ರ ಸುಮಾರಿಗೆ ಕಕ್ಷೆಯಿಂದ ಇಳಿಸುವ ನಿರ್ಧಾರವಾಗಿದೆ, ಅದರ ಬದಲಿಗೆ ಬರಬೇಕಾದ ಖಾಸಗಿ ನಿಲ್ದಾಣಗಳು ಇನ್ನೂ ತಯಾರಿಯ ಹಂತದಲ್ಲಿವೆ. ಚೀನಾದ ತಿಯಾಂಗಾಂಗ್ ನಿಲ್ದಾಣ ಮಾತ್ರ 2022ರಲ್ಲಿ ಪೂರ್ಣಗೊಂಡು ನಡೆಯುತ್ತಿದೆ. 2030ರೊಳಗೆ ಚಂದ್ರನ ಮೇಲೆ ತನ್ನವರನ್ನಿಳಿಸುವುದಾಗಿ ಆ ದೇಶ ಹೇಳಿರುವುದು ಅಮೆರಿಕದ ರಾಜಕಾರಣಿಗಳಿಗೆ ಮತ್ತೆ ಕೆನೆಡಿ ಕಾಲದ ಭಾಷೆಯನ್ನು ಕೊಟ್ಟಿದೆ.

2025ರ ವಸಂತದಲ್ಲಿ ಅಮೆರಿಕದ ಆಡಳಿತ ಮುಂದಿಟ್ಟ ಬಜೆಟ್ ಪ್ರಸ್ತಾವ ಈ ಚರ್ಚೆಯ ಅಪಾಯವನ್ನು ಬಯಲಿಗಿಟ್ಟಿತು. ನಾಸಾದ ಒಟ್ಟು ಹಣವನ್ನು ಸುಮಾರು 2,480 ಕೋಟಿಯಿಂದ 1,880 ಕೋಟಿ ಡಾಲರಿಗೆ ಇಳಿಸಿ, ವಿಜ್ಞಾನದ ಪಾಲನ್ನು ಹೆಚ್ಚುಕಡಿಮೆ ಅರ್ಧಕ್ಕೆ ಕತ್ತರಿಸಿ, ಮಾನವ ಯಾನಕ್ಕೆ ಮಾತ್ರ ಹಣ ಹೆಚ್ಚಿಸುವುದು ಅದರ ಸಾರ. ಸಂಸತ್ತು ಆ ಕಡಿತವನ್ನು ಬಹುಮಟ್ಟಿಗೆ ಒಪ್ಪಲಿಲ್ಲ. ಆಡಳಿತ ಕೈಬಿಡಬೇಕೆಂದಿದ್ದ ಎಸ್‌ಎಲ್‌ಎಸ್‌ಗೂ ಮತ್ತೆ ಹಣ ಕೊಟ್ಟಿತು. ಗಗನಯಾತ್ರಿಗಳನ್ನು ಕಳಿಸುವುದಕ್ಕಾಗಿ ದೂರದರ್ಶಕಗಳನ್ನೂ ಭೂಮಿಯ ಹವಾಮಾನ ನೋಡುವ ಉಪಗ್ರಹಗಳನ್ನೂ ಬಲಿಕೊಡುವುದು ಎಂಥ ಕನಸಿನ ಹೆಸರಿನಲ್ಲಾದರೂ ಒಪ್ಪತಕ್ಕದ್ದಲ್ಲ. ಮಾನವ ಯಾನ ಬೇಕೆನ್ನುವವರೇ ಇದನ್ನು ಮೊದಲು ವಿರೋಧಿಸಬೇಕಾದವರು, ಏಕೆಂದರೆ ಅವರು ಹೋಗಬಯಸುವ ಲೋಕಗಳ ಪರಿಚಯ ಮಾಡಿಕೊಟ್ಟದ್ದೇ ಆ ವಿಜ್ಞಾನ.

ಭಾರತಕ್ಕೆ ಇದು ದೂರದ ಸುದ್ದಿಯಾಗಿ ಉಳಿದಿಲ್ಲ. ಮುಂದುವರಿದ ರಾಷ್ಟ್ರಗಳೊಂದಿಗೆ ಚಂದ್ರ, ಗ್ರಹಗಳ ಅನ್ವೇಷಣೆಯಲ್ಲಾಗಲಿ ಮಾನವ ಯಾನದಲ್ಲಾಗಲಿ ಸ್ಪರ್ಧಿಸುವ ಭ್ರಮೆ ತಮಗಿಲ್ಲವೆಂದು ವಿಕ್ರಮ್ ಸಾರಾಭಾಯಿ ಹೇಳಿದ್ದರು. ಸಮಾಜದ ನಿಜ ಸಮಸ್ಯೆಗಳಿಗೆ ತಂತ್ರಜ್ಞಾನ ಒದಗಿಸುವುದು ಅವರ ಗುರಿಯಾಗಿತ್ತು. ಇಸ್ರೊ ದಶಕಗಳ ಕಾಲ ಅದೇ ಹಾದಿಯಲ್ಲಿ ನಡೆಯಿತು. 2018ರ ಸ್ವಾತಂತ್ರ್ಯ ದಿನದಂದು, ಭಾರತೀಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನ ಕಾರ್ಯಕ್ರಮದ ಘೋಷಣೆಯಾದಾಗ ಆ ಹಾದಿ ತಿರುವು ಪಡೆಯಿತು. ಮೊದಲು ಸುಮಾರು 9,000 ಕೋಟಿ ರೂಪಾಯಿಯ ಅಂದಾಜಿದ್ದ ಕಾರ್ಯಕ್ರಮ, 2024ರ ಸೆಪ್ಟೆಂಬರ್‌ನಲ್ಲಿ ಬಾಹ್ಯಾಕಾಶ ನಿಲ್ದಾಣದ ಮೊದಲ ಘಟಕವನ್ನೂ ಸೇರಿಸಿಕೊಂಡು 20,193 ಕೋಟಿಗೆ ಏರಿತು. ಹೋಲಿಸಿ ನೋಡಲು, ಚಂದ್ರಯಾನ 3ಕ್ಕೆ ತಗಲಿದ್ದು ಸುಮಾರು 615 ಕೋಟಿ ರೂಪಾಯಿ. ಗಗನಯಾನದ ಹಲವು ಮುಖ್ಯ ಕೆಲಸಗಳು ಬೆಂಗಳೂರಿನಲ್ಲಿ ನಡೆಯುತ್ತಿವೆ: ಇಸ್ರೊದ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಇಲ್ಲಿದೆ, ವಾಯುಪಡೆಯ ಪೈಲಟ್‌ಗಳನ್ನು ಆಯ್ಕೆಗಾಗಿ ತಪಾಸಣೆ ಮಾಡಿದ ವೈಮಾನಿಕ ವೈದ್ಯಕೀಯ ಸಂಸ್ಥೆ ಇಲ್ಲಿದೆ, ಆಯ್ಕೆಯಾದ ನಾಲ್ವರು ತರಬೇತಿ ಪಡೆಯುತ್ತಿರುವುದೂ ಇಲ್ಲಿಯೇ. ಅವರಲ್ಲೊಬ್ಬರಾದ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ಸಂಶೋಧಕರು ರೂಪಿಸಿದ ಪ್ರಯೋಗಕ್ಕಾಗಿ ಹೆಸರುಕಾಳು ಮತ್ತು ಮೆಂತ್ಯವನ್ನು ಅಲ್ಲಿ ಮೊಳಕೆಯೊಡೆಸಿ, ಭೂಮಿಗೆ ತರುವವರೆಗೆ ಫ್ರೀಜರ್‌ನಲ್ಲಿಟ್ಟರು. ಪ್ರಯೋಗ ಸಣ್ಣದು, ಮಣ್ಣು ಮತ್ತು ಬೀಜಗಳನ್ನು ಬಲ್ಲ ಒಂದು ಊರಿನ ವಿದ್ಯೆ ಕಕ್ಷೆಯವರೆಗೆ ತಲುಪಿದ್ದು ಮಾತ್ರ ಸಣ್ಣದಲ್ಲ.

ಭಾರತದ ಘೋಷಿತ ಗುರಿಗಳು 2035ಕ್ಕೆ ಐದು ಘಟಕಗಳ ಸ್ವಂತ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯರು. ಬಾಹ್ಯಾಕಾಶ ಇಲಾಖೆಯ ಇಡೀ ವರ್ಷದ ಬಜೆಟ್ 2025-26ರಲ್ಲಿ ಸುಮಾರು 13,400 ಕೋಟಿ ರೂಪಾಯಿ ಇತ್ತು. ಇಂಥ ಬಜೆಟ್‌ನಲ್ಲೇ ಹವಾಮಾನ, ಸಂಪರ್ಕ, ಸಂಚಾರ ನೆರವಿನ ಉಪಗ್ರಹಗಳೂ ಆದಿತ್ಯದಂಥ ವೈಜ್ಞಾನಿಕ ಯಾನಗಳೂ ನಡೆಯಬೇಕು. ಕ್ಯಾಬಿನೆಟ್ ಒಪ್ಪಿಗೆ ಕೊಟ್ಟಿರುವುದು 2028ರ ಡಿಸೆಂಬರ್‌ವರೆಗಿನ ಎಂಟು ಯಾನಗಳಿಗೆ ಮತ್ತು ನಿಲ್ದಾಣದ ಮೊದಲ ಘಟಕಕ್ಕೆ. ಉಳಿದ ನಾಲ್ಕು ಘಟಕಗಳ ಮತ್ತು ಚಂದ್ರಯಾತ್ರೆಯ ಪೂರ್ಣ ಅಂದಾಜು, ಅದಕ್ಕೆ ಬೇಕಾದ ಹಣ ವರ್ಷಕ್ಕೆಷ್ಟು, ವಿಜ್ಞಾನ ಮತ್ತು ಜನೋಪಯೋಗಿ ಉಪಗ್ರಹಗಳ ಪಾಲನ್ನು ಹೇಗೆ ಕಾಪಾಡಲಾಗುವುದು, ಈ ವೆಚ್ಚದ ಪ್ರಧಾನ ಕಾರಣ ಯಾವುದು ಎಂಬುದನ್ನು ಮೊದಲ ಗಗನಯಾತ್ರಿ ಶ್ರೀಹರಿಕೋಟಾದಿಂದ ಹಾರುವುದಕ್ಕೆ ಮುಂಚೆಯೇ ಸಂಸತ್ತಿನ ಮುಂದಿಟ್ಟು, ಆಗಸ್ಟೀನ್ ಸಮಿತಿಯಂಥ ಸ್ವತಂತ್ರ ತಜ್ಞರ ಮಂಡಳಿಯೊಂದರಿಂದ ಬಹಿರಂಗವಾಗಿ ಪರಿಶೀಲಿಸಲು ಈಗ ಸಮಯವಿದೆ. ಎರಡನೆಯ ಘಟಕದ ಗುತ್ತಿಗೆಗೆ ಸಹಿ ಬಿದ್ದ ಮೇಲೆ ಈ ಕೆಲಸ ಅಷ್ಟು ಸುಲಭವಾಗಿರುವುದಿಲ್ಲ.